ಪಕ್ಕದ ರಾಜ್ಯಕ್ಕೆ ಮನೆ ಬದಲಿಸುವ ಮುನ್ನ: ತೆರಿಗೆ, ಖರ್ಚು ಲೆಕ್ಕ ಹಾಕುವ ಕ್ರಮ

ಓದುಗರು ಬೇರೆ ಬೇರೆ ಮಾತಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿರುತ್ತಾರೆ. ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದೆ, ಸಂಬಳ ಸ್ವಲ್ಪ ಹೆಚ್ಚು, ಹೋದರೆ ಕೈಯಲ್ಲಿ ಏನಾದರೂ ಉಳಿಯುತ್ತದೆಯೇ? ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಹೊಸೂರಿನಲ್ಲಿ ಬಾಡಿಗೆ ಕಡಿಮೆ, ಅಲ್ಲಿಗೇ ಮನೆ ಮಾಡಿದರೆ ಹೇಗೆ? ಪುಣೆಗೆ ವರ್ಗವಾಗಿದೆ, ಕಾರು ತೆಗೆದುಕೊಂಡು ಹೋಗಲೋ, ಇಲ್ಲೇ ಮಾರಲೋ?

ಇಂಥ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಎರಡೇ ಅಂಕಿ ಹಿಡಿದುಕೊಂಡು ಬಂದಿರುತ್ತಾರೆ: ಅಲ್ಲಿನ ಸಂಬಳ, ಅಲ್ಲಿನ ಬಾಡಿಗೆ. ಲೆಕ್ಕ ತಪ್ಪುವುದು ಅಲ್ಲೇ. ರಾಜ್ಯ ಬದಲಾದಾಗ ತೆರಿಗೆಯಲ್ಲಿ ಆಗುವ ವ್ಯತ್ಯಾಸ ನೀವು ಅಂದುಕೊಂಡದ್ದಕ್ಕಿಂತ ಬಹಳ ಸಣ್ಣದು. ದೊಡ್ಡ ವ್ಯತ್ಯಾಸ ಬರುವುದು ವಾಹನ, ಮನೆಯ ಅಡ್ವಾನ್ಸ್, ಮಕ್ಕಳ ಶಾಲೆ ಮತ್ತು ಇಲ್ಲಿ ಬಿಟ್ಟುಹೋಗುವ ಸರ್ಕಾರಿ ಸೌಲಭ್ಯಗಳಿಂದ. ಆದ್ದರಿಂದ ಈ ಲೇಖನದಲ್ಲಿ ತೆರಿಗೆಯ ಮಾತನ್ನು ಬೇಗ ಮುಗಿಸಿ, ಉಳಿದವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕರ್ನಾಟಕದಿಂದ ತಮಿಳುನಾಡು, ತೆಲಂಗಾಣ, ಆಂಧ್ರ, ಮಹಾರಾಷ್ಟ್ರ, ಕೇರಳ, ಗೋವಾಕ್ಕೆ ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅಲ್ಲಿಂದ ಇಲ್ಲಿಗೆ ಬರುವವರೂ ಇದೇ ಕ್ರಮವನ್ನು ತಿರುಗಿಸಿ ಬಳಸಬಹುದು.

ಕುಳಿತುಕೊಳ್ಳುವ ಮೊದಲು ಇವಿಷ್ಟು ಕೈಗೆ ಸಿಗುವಂತೆ ಇಟ್ಟುಕೊಳ್ಳಿ: ಕಳೆದ ಮೂರು ತಿಂಗಳ ಪೇ ಸ್ಲಿಪ್, ಹೊಸ ಕೆಲಸದ ಆಫರ್ ಪತ್ರ, ಈಗಿನ ಬಾಡಿಗೆ ಕರಾರು, ಒಂದು ವರ್ಷದ ಕರೆಂಟ್ ಬಿಲ್, ವಾಹನದ ಆರ್‌ಸಿ, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದ ರಸೀದಿ, ಶಾಲೆಯ ಶುಲ್ಕದ ರಸೀದಿ, ಪಡಿತರ ಚೀಟಿ. ಜೊತೆಗೆ ಒಂದು ಹಾಳೆ, ಅಥವಾ ಕಂಪ್ಯೂಟರಿನಲ್ಲಿ ಒಂದು ಶೀಟು. ಅದರಲ್ಲಿ ಮೂರು ಕಾಲಂ ಇರಲಿ: ಇಲ್ಲಿ, ಅಲ್ಲಿ, ವ್ಯತ್ಯಾಸ. ಎಲ್ಲವನ್ನೂ ತಿಂಗಳ ಲೆಕ್ಕಕ್ಕೆ ಇಳಿಸಿ ಬರೆಯಿರಿ.

ಹಂತ 1: ಬದಲಾಗದ್ದನ್ನು ಮೊದಲು ಪಕ್ಕಕ್ಕಿಡಿ

ಆದಾಯ ತೆರಿಗೆ ಕೇಂದ್ರ ಸರ್ಕಾರದ್ದು. ನೀವು ಬಳ್ಳಾರಿಯಲ್ಲಿದ್ದರೂ ಕರ್ನೂಲಿನಲ್ಲಿದ್ದರೂ ಸ್ತರಗಳು ಒಂದೇ, ಸೆಸ್ ಒಂದೇ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದೆ. ಸಂಬಳದಾರರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿಸಿದರೆ 12.75 ಲಕ್ಷದವರೆಗೆ ತೆರಿಗೆ ಬರುವುದಿಲ್ಲ. ಇದು ಎಲ್ಲ ರಾಜ್ಯಕ್ಕೂ ಅನ್ವಯ. ಜಿಎಸ್‌ಟಿ ದರವೂ ಹಾಗೆಯೇ. ಅಲ್ಲಿ ಹೋದರೆ ಟಿವಿ, ಫ್ರಿಜ್ಜಿನ ಮೇಲಿನ ತೆರಿಗೆ ಕಡಿಮೆ ಎನ್ನುವ ಮಾತಿಗೆ ಆಧಾರವಿಲ್ಲ. ಪಿಎಫ್‌ನ ಯುಎಎನ್ ಸಂಖ್ಯೆ, ಪ್ಯಾನ್, ಎಲ್ಐಸಿ ಪ್ರೀಮಿಯಂ, ಗೃಹಸಾಲದ ಕಂತು ಕೂಡ ಹಾಗೇ ಮುಂದುವರಿಯುತ್ತವೆ. ಇವನ್ನೆಲ್ಲ ಹಾಳೆಗೆ ತರಬೇಡಿ.

ಇದಕ್ಕೆ ಒಂದು ಹೊರತು ಇದೆ. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ಮನೆ ಬಾಡಿಗೆ ಭತ್ಯೆಯ, ಅಂದರೆ ಎಚ್‌ಆರ್‌ಎ ವಿನಾಯಿತಿ ಪಡೆಯುತ್ತಿದ್ದರೆ, ಊರು ಬದಲಾದಾಗ ಮಿತಿಯೂ ಬದಲಾಗಬಹುದು. ಪಟ್ಟಿಯಲ್ಲಿರುವ ಮಹಾನಗರಗಳಿಗೆ ಮೂಲ ವೇತನದ 50%, ಉಳಿದ ಊರುಗಳಿಗೆ 40%. ಯಾವ ಊರು ಪಟ್ಟಿಯಲ್ಲಿದೆ ಎಂಬುದನ್ನು ಆ ಹಣಕಾಸು ವರ್ಷಕ್ಕೆ ಕಂಪನಿಯ ಪೇರೋಲ್ ವಿಭಾಗದಲ್ಲಿ ಕೇಳಿಕೊಳ್ಳಿ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ.

ಹಂತ 2: ವೃತ್ತಿ ತೆರಿಗೆ

ಪೇ ಸ್ಲಿಪ್ಪಿನಲ್ಲಿ ಪ್ರೊಫೆಷನಲ್ ಟ್ಯಾಕ್ಸ್ ಎಂದು ತಿಂಗಳಿಗೆ 200 ರೂಪಾಯಿ ಕಡಿತವಾಗುವುದನ್ನು ನೋಡಿರುತ್ತೀರಿ. ಇದು ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ಹಾಕುವ ತೆರಿಗೆ. ಸಂವಿಧಾನದ 276ನೇ ವಿಧಿಯ ಪ್ರಕಾರ ಯಾವ ರಾಜ್ಯವೂ ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ.

ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಅಥವಾ ಹೆಚ್ಚು ಸಂಬಳವಿದ್ದರೆ 200 ರೂಪಾಯಿ, ಫೆಬ್ರುವರಿಯಲ್ಲಿ ಮಾತ್ರ 300, ಒಟ್ಟು 2,500. ಮಹಾರಾಷ್ಟ್ರದಲ್ಲೂ ಫೆಬ್ರುವರಿಗೆ 300 ರೂಪಾಯಿಯ ಇದೇ ಲೆಕ್ಕ, ಆದರೆ ಅಲ್ಲಿ 25,000 ರೂಪಾಯಿವರೆಗೆ ಸಂಬಳ ಪಡೆಯುವ ಮಹಿಳೆಯರಿಗೆ ವಿನಾಯಿತಿ ಇದೆ, ಪುರುಷರಿಗೆ ತೆರಿಗೆ ಅದಕ್ಕಿಂತ ಬಹಳ ಕೆಳಗಿನಿಂದಲೇ ಶುರುವಾಗುತ್ತದೆ. ತೆಲಂಗಾಣ, ಆಂಧ್ರದಲ್ಲಿ 20,000 ದಾಟಿದರೆ ತಿಂಗಳಿಗೆ 200. ತಮಿಳುನಾಡು, ಕೇರಳದಲ್ಲಿ ನಗರಸಭೆ, ಪಂಚಾಯಿತಿಗಳು ಆರು ತಿಂಗಳಿಗೊಮ್ಮೆ ವಸೂಲಿ ಮಾಡುತ್ತವೆ. ಅಲ್ಲಿ ಹೋದ ಹೊಸದರಲ್ಲಿ ಒಂದು ತಿಂಗಳು ಸಂಬಳ ಸಾವಿರಕ್ಕೂ ಹೆಚ್ಚು ಕಡಿತವಾಗಿ ಬಂದರೆ ಗಾಬರಿಯಾಗಬೇಡಿ, ಅದು ಆರು ತಿಂಗಳದ್ದು. ಗೋವಾದಲ್ಲಿ ಈ ತೆರಿಗೆ ಇಲ್ಲ.

ಅಂದರೆ ಅತಿ ಹೆಚ್ಚೆಂದರೆ ತಿಂಗಳಿಗೆ 208 ರೂಪಾಯಿ ವ್ಯತ್ಯಾಸ. ಇಷ್ಟಕ್ಕೆ ಯಾರೂ ಊರು ಬದಲಿಸುವುದಿಲ್ಲ, ಊರು ಬಿಡದೆಯೂ ಇರುವುದಿಲ್ಲ. ಬರೆದುಕೊಂಡು ಮುಂದೆ ಹೋಗಿ.

ಹಂತ 3: ವಾಹನ

ಜನ ಹೆಚ್ಚು ಏಟು ತಿನ್ನುವುದು ಇಲ್ಲಿ. ಮೋಟಾರು ವಾಹನ ಕಾಯ್ದೆ 1988ರ 47ನೇ ಸೆಕ್ಷನ್ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಇದು ನೋಂದಣಿಯ ಮಾತು. ತೆರಿಗೆ ಪ್ರತಿ ರಾಜ್ಯದ ಬೇರೆ ಕಾಯ್ದೆಗೆ ಸೇರಿದ್ದು, ಅದರ ಗಡುವು ಬೇರೆ ಇರಬಹುದು. ಒಂದು ವರ್ಷ ಯಾರೂ ಕೇಳುವುದಿಲ್ಲ ಎಂದು ನಂಬಿ ಕೂರಬೇಡಿ. ಹೋಗುವ ಊರಿನ ಆರ್‌ಟಿಒದಲ್ಲಿ ತೆರಿಗೆ ಗಡುವು ಎಷ್ಟು ಎಂದು ಮೊದಲೇ ಕೇಳಿ. ನೀವು ಆ ರಾಜ್ಯಕ್ಕೆ ಬಂದ ದಿನಾಂಕ ತೋರಿಸುವ ದಾಖಲೆ, ಅಂದರೆ ಬಾಡಿಗೆ ಕರಾರು ಅಥವಾ ಕಂಪನಿಯ ವರ್ಗಾವಣೆ ಪತ್ರದ ಪ್ರತಿ, ಕಾರಿನಲ್ಲೇ ಇರಲಿ.

ಲೈಫ್‌ಟೈಮ್ ಟ್ಯಾಕ್ಸ್ ಎಂದರೆ ಖಾಸಗಿ ವಾಹನಕ್ಕೆ ನೋಂದಣಿ ಸಮಯದಲ್ಲಿ ಒಟ್ಟಾಗಿ ಕಟ್ಟುವ ರಸ್ತೆ ತೆರಿಗೆ. ಹೊಸ ಕಾರಿಗೆ ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಬೆಲೆಗೆ 14%, 10ರಿಂದ 20 ಲಕ್ಷಕ್ಕೆ 17%, ಆ ತೆರಿಗೆಯ ಮೇಲೆ ಸೆಸ್ ಬೇರೆ. ತೆಲಂಗಾಣದಲ್ಲೂ 5ರಿಂದ 10 ಲಕ್ಷಕ್ಕೆ 14%, ಅದರ ಮೇಲೆ ಇನ್ನೂ ಹೆಚ್ಚು. ತಮಿಳುನಾಡಿನಲ್ಲಿ 2023ರ ನವೆಂಬರ್‌ನಲ್ಲಿ ಪರಿಷ್ಕರಣೆಯಾದ ಮೇಲೆ 13 ಮತ್ತು 18%. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಕಾರಿಗೆ 10 ಲಕ್ಷದವರೆಗೆ 11%, 10ರಿಂದ 20 ಲಕ್ಷಕ್ಕೆ 12%. ಡೀಸೆಲ್‌ಗೆ ಎರಡು ಅಂಶ ಹೆಚ್ಚು. ಈ ದರಗಳು ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತವೆ, ಹೊರಡುವ ವಾರ ಮತ್ತೊಮ್ಮೆ ನೋಡಿ. ಓಡಿದ ಕಾರಿಗೆ ಪೂರ್ತಿ ದರ ಬೀಳುವುದಿಲ್ಲ, ವಾಹನದ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ.

ಕೆಲಸದ ಕ್ರಮ ಹೀಗಿದೆ:

1. ಬಾಕಿ ಇರುವ ಟ್ರಾಫಿಕ್ ದಂಡ ಪೂರ್ತಿ ಕಟ್ಟಿ. ಒಂದು ಚಲನ್ ಬಾಕಿ ಇದ್ದರೂ ಎನ್‌ಒಸಿ ನಿಲ್ಲುತ್ತದೆ.

2. ವಾಹನದ ಮೇಲೆ ಸಾಲವಿದ್ದರೆ ಬ್ಯಾಂಕಿನಿಂದ ಒಪ್ಪಿಗೆ ಪತ್ರ ಪಡೆಯಿರಿ. ಇದಕ್ಕೆ ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ, ಮೊದಲು ಶುರು ಮಾಡಬೇಕಾದ ಕೆಲಸ ಇದೇ.

3. ಪರಿವಾಹನ್ ಪೋರ್ಟಲ್‌ನಲ್ಲಿ ಫಾರಂ 28 ತುಂಬಿ ನಿಮ್ಮ ಮೂಲ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಪಡೆಯಿರಿ. ಅದರಲ್ಲಿ ಯಾವ ಆರ್‌ಟಿಒಗೆ ಹೋಗುತ್ತಿದ್ದೀರಿ ಎಂಬುದನ್ನು ಬರೆಯಬೇಕು. ಮನೆ ಯಾವ ಆರ್‌ಟಿಒ ವ್ಯಾಪ್ತಿಗೆ ಬರುತ್ತದೆ ಎಂದು ಖಚಿತವಾದ ಮೇಲೆ ಅರ್ಜಿ ಹಾಕಿ. ಹೈದರಾಬಾದ್ ಎಂದು ಅಂದಾಜಿನಲ್ಲಿ ಬರೆದು, ಮನೆ ಮೇಡ್ಚಲ್ ಕಡೆ ಸಿಕ್ಕಿದರೆ ಎಲ್ಲವೂ ಮೊದಲಿನಿಂದ.

4. ಹೊಸ ಊರಿನಲ್ಲಿ ಫಾರಂ 27, ವಿಳಾಸದ ದಾಖಲೆ, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಿ, ತೆರಿಗೆ ಕಟ್ಟಿ, ವಾಹನ ತೋರಿಸಿ. ಹೊಸ ನಂಬರ್ ಬಂದ ಮೇಲೆ ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಬೇಕು.

5. ಹೊಸ ಆರ್‌ಸಿ ಪ್ರತಿ ಇಟ್ಟು ಹಳೆಯ ಆರ್‌ಟಿಒದಲ್ಲಿ ಉಳಿದ ವರ್ಷಗಳ ತೆರಿಗೆ ವಾಪಸಾತಿಗೆ ಅರ್ಜಿ ಹಾಕಿ.

6. ವಿಮಾ ಕಂಪನಿಗೂ ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿಗೂ ಹೊಸ ನಂಬರ್ ತಿಳಿಸಿ. ಇದನ್ನು ಮರೆತರೆ ಅಪಘಾತವಾದಾಗ ಕ್ಲೇಮ್ ತೊಡಕಾಗುತ್ತದೆ.

ನಾಲ್ಕು ಮತ್ತು ಐದನೆಯ ಸಾಲುಗಳ ನಡುವೆ ಒಂದು ಹೊಂಡವಿದೆ. ಅಲ್ಲಿ ಮೊದಲು ಕಟ್ಟಬೇಕು, ಇಲ್ಲಿಂದ ಹಣ ನಂತರ ಬರುತ್ತದೆ, ಅದೂ ತಿಂಗಳುಗಳು ಹಿಡಿಯಬಹುದು, ಓಡಾಟವೂ ಬೇಕಾಗಬಹುದು. ಆದ್ದರಿಂದ ಕೈಯಲ್ಲಿ ಪೂರ್ತಿ ತೆರಿಗೆಯ ಹಣ ಇರಬೇಕು. ವಾಪಸಾತಿಯನ್ನು ನಂಬಿಕೊಂಡು ಮೊದಲ ತಿಂಗಳ ಬಜೆಟ್ ಮಾಡಬೇಡಿ.

ಕಾರು ಹತ್ತು ವರ್ಷ ದಾಟಿದ್ದರೆ ಇಲ್ಲೇ ಮಾರಿ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹಳೆಯ ಸ್ಕೂಟರ್, ಬೈಕಿನ ವಿಷಯದಲ್ಲಂತೂ ಸಾಗಣೆ, ತೆರಿಗೆ, ಪ್ಲೇಟ್, ಓಡಾಟ ಎಲ್ಲ ಸೇರಿಸಿದರೆ ವಾಹನದ ಬೆಲೆಯ ಹತ್ತಿರ ಬಂದುಬಿಡುತ್ತದೆ. ಎರಡು ವರ್ಷದೊಳಗೆ ಮತ್ತೆ ವರ್ಗವಾಗುವ ಕೆಲಸವಾದರೆ ಮತ್ತು ಹೊಸ ಕಾರು ಕೊಳ್ಳುವ ಯೋಚನೆ ಇದ್ದರೆ, 2021ರಲ್ಲಿ ಬಂದ ಬಿಎಚ್ ಸರಣಿ ಕೇಳಿ ನೋಡಿ. ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರಿಗೆ ಇದು ಸಿಗುತ್ತದೆ. ರಾಜ್ಯ ಬದಲಾದರೂ ನಂಬರ್ ಬದಲಾಗುವುದಿಲ್ಲ. ಖಾಸಗಿ ನೌಕರರಿಗೆ ಕರ್ನಾಟಕದಲ್ಲಿ ಇದನ್ನು ಕೊಡುವ ವಿಚಾರ ಹೈಕೋರ್ಟ್ ಮೆಟ್ಟಿಲೇರಿತ್ತು. ಹಾಗಾಗಿ ಡೀಲರ್ ಮಾತನ್ನಷ್ಟೇ ನಂಬದೆ ಆರ್‌ಟಿಒದಲ್ಲಿ ಕೇಳಿದ ಮೇಲೆ ಬುಕ್ ಮಾಡಿ.

ಹಂತ 4: ಬಾಡಿಗೆಗಿಂತ ಅಡ್ವಾನ್ಸ್ ನೋಡಿ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹೈದರಾಬಾದಿನಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳು. ತಮಿಳುನಾಡಿನಲ್ಲಿ 2019ರಿಂದ ಜಾರಿಯಲ್ಲಿರುವ ಬಾಡಿಗೆ ಕಾಯ್ದೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮೂರು ತಿಂಗಳಿನ ಮಿತಿ ಹಾಕುತ್ತದೆ. ಕರಾರನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು ಎಂದೂ ಹೇಳುತ್ತದೆ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಎಂದು ಕರೆಯುವ ಬಾಡಿಗೆ ಕರಾರಿನ ನೋಂದಣಿ ಕಡ್ಡಾಯ. ನಮ್ಮಲ್ಲಿ ಸ್ಟ್ಯಾಂಪ್ ಪೇಪರ್ ಮೇಲೆ ಹನ್ನೊಂದು ತಿಂಗಳ ಕರಾರು ಮಾಡಿ ಅಭ್ಯಾಸವಾದವರು ಅಲ್ಲಿ ಆ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಅಡ್ವಾನ್ಸ್ ವಾಪಸ್ ಬರುವ ಹಣ, ಖರ್ಚಲ್ಲ ಎಂದು ಹಲವರು ಬಿಟ್ಟುಬಿಡುತ್ತಾರೆ. ಅದರ ಬಡ್ಡಿ ನಿಮ್ಮ ಕೈ ಬಿಟ್ಟಿರುತ್ತದೆ. 25,000 ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 2.5 ಲಕ್ಷ, 6% ಬಡ್ಡಿ ಹಿಡಿದರೂ ವರ್ಷಕ್ಕೆ 15,000, ತಿಂಗಳಿಗೆ 1,250 ರೂಪಾಯಿ. ಇದನ್ನು ಹಾಳೆಯ ಎರಡೂ ಕಾಲಂನಲ್ಲಿ ಬರೆಯಿರಿ.

ಈಗಿನ ಮನೆ ಬಿಡುವಾಗ ಆಗುವ ನಷ್ಟವನ್ನೂ ಮರೆಯಬೇಡಿ. ಕರಾರು ತೆಗೆದು ಎರಡು ಸಾಲು ಹುಡುಕಿ. ಒಂದು, ಎಷ್ಟು ತಿಂಗಳ ನೋಟಿಸ್ ಕೊಡಬೇಕು. ಇನ್ನೊಂದು, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಹೋಗುವುದು ಸಾಮಾನ್ಯ. ಅಡ್ವಾನ್ಸ್ ಯಾವಾಗ ಕೊಡುತ್ತಾರೆ ಎಂಬುದನ್ನು ಮಾಲೀಕರಿಂದ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇನೆ ಎಂದರೆ, ಅಲ್ಲಿ ಕೊಡಬೇಕಾದ ಅಡ್ವಾನ್ಸ್‌ಗೆ ನೀವು ಬೇರೆ ಹಣ ಹುಡುಕಬೇಕು.

ಹಂತ 5: ಇಲ್ಲಿ ಬಿಟ್ಟುಹೋಗುವ ಸೌಲಭ್ಯಗಳು

ಇಲ್ಲಿ ಬಿಲ್ ಬರದ ಕಾರಣ ಲೆಕ್ಕಕ್ಕೂ ಬರದ ಖರ್ಚುಗಳಿವು.

ಕರೆಂಟ್: ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿದ್ದರೆ, ನಿಮ್ಮ ಬಳಕೆಯ ಯೂನಿಟ್ ಎಷ್ಟೆಂದು ಬಿಲ್ಲಿನಲ್ಲೇ ಇರುತ್ತದೆ. ಆ ಯೂನಿಟ್ ಹಿಡಿದು ಅಲ್ಲಿನ ದರದಲ್ಲಿ ಗುಣಿಸಿ. ತೆಲಂಗಾಣದಲ್ಲೂ 200 ಯೂನಿಟ್ ಯೋಜನೆ ಇದೆ, ಆದರೆ ಬಿಳಿ, ಅಂದರೆ ಬಡ ಕುಟುಂಬಗಳ ಪಡಿತರ ಚೀಟಿ ಇದ್ದವರಿಗೆ. ತಮಿಳುನಾಡಿನಲ್ಲಿ ಗೃಹಬಳಕೆಗೆ 100 ಯೂನಿಟ್ ಉಚಿತ, ಆದರೆ ಅದು ಎರಡು ತಿಂಗಳಿಗೆ. ಅಲ್ಲಿ ಬಿಲ್ಲೇ ಎರಡು ತಿಂಗಳಿಗೊಮ್ಮೆ. ಎರಡು ತಿಂಗಳ ಬಳಕೆ 500 ಯೂನಿಟ್ ದಾಟಿದರೆ ಕೆಳಗಿನ ಸ್ತರಗಳ ದರವೂ ಬದಲಾಗುತ್ತದೆ. ಹಾಗಾಗಿ 490ಕ್ಕೂ 510ಕ್ಕೂ ನಡುವಿನ ಅಂತರ ಇಪ್ಪತ್ತು ಯೂನಿಟ್ಟಿನ ದುಡ್ಡಿಗಿಂತ ಹೆಚ್ಚು. ಎಸಿ ಇರುವ ಮನೆಯವರು ಚೆನ್ನೈ, ಹೈದರಾಬಾದಿನ ಬೇಸಿಗೆಗೆ ಬೆಂಗಳೂರಿನ ಬಳಕೆಯನ್ನೇ ಹಿಡಿದು ಲೆಕ್ಕ ಹಾಕಬಾರದು. ಏಪ್ರಿಲ್, ಮೇ ತಿಂಗಳನ್ನು ಪ್ರತ್ಯೇಕವಾಗಿ ಅಂದಾಜಿಸಿ. ಹೊರಡುವಾಗ ಗೃಹಜ್ಯೋತಿಯಲ್ಲಿ ಹಳೆಯ ಮನೆಯ ಆರ್‌ಆರ್ ನಂಬರಿಗೆ ಜೋಡಿಸಿದ ಆಧಾರನ್ನು ಬಿಡಿಸಿ ಹೋಗಿ, ಮುಂದಿನ ಬಾಡಿಗೆದಾರರಿಗೂ ತೊಂದರೆಯಾಗದು.

ಬಸ್: ಶಕ್ತಿ ಯೋಜನೆಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಆಧಾರ್ ವಿಳಾಸ ಬದಲಾದ ದಿನವೇ ಅದು ಮುಗಿಯಿತು. ತೆಲಂಗಾಣದಲ್ಲಿ 2023ರ ಡಿಸೆಂಬರ್‌ನಿಂದ, ಆಂಧ್ರದಲ್ಲಿ 2025ರ ಆಗಸ್ಟ್‌ನಿಂದ ಮಹಿಳೆಯರಿಗೆ ಉಚಿತ ಪ್ರಯಾಣವಿದೆ, ಆಯಾ ರಾಜ್ಯದ ವಿಳಾಸ ತೋರಿಸಬೇಕು. ತಮಿಳುನಾಡಿನ ಸಾಧಾರಣ ನಗರ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ. ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ ಅರ್ಧ ಟಿಕೆಟ್. ಮನೆಯ ಮಹಿಳೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರಾದರೆ ಇದೊಂದೇ ಸಾವಿರಾರು ರೂಪಾಯಿಯ ಬಾಬತ್ತು.

ಪಡಿತರ, ಗೃಹಲಕ್ಷ್ಮಿ: ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಆಹಾರ ಭದ್ರತಾ ಕಾಯ್ದೆಯ ಪಾಲು ಬೇರೆ ರಾಜ್ಯದಲ್ಲೂ ಸಿಗುತ್ತದೆ. ರಾಜ್ಯ ತನ್ನ ಲೆಕ್ಕದಿಂದ ಕೊಡುವ ಹೆಚ್ಚುವರಿ ಪಡಿತರ ಅಲ್ಲಿ ಸಿಗುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಕರ್ನಾಟಕದ ಪಡಿತರ ಚೀಟಿಗೆ ಕಟ್ಟಿಕೊಂಡದ್ದು. ಕಡಿಮೆ ಸಂಬಳದ ಕುಟುಂಬ ಊರು ಬಿಟ್ಟರೆ ಹೆಚ್ಚುವರಿ ಪಡಿತರ, ಗೃಹಲಕ್ಷ್ಮಿ, ಗೃಹಜ್ಯೋತಿ, ಶಕ್ತಿ ನಾಲ್ಕೂ ಒಟ್ಟಿಗೆ ನಿಲ್ಲುತ್ತವೆ. ಅಲ್ಲಿ ಮೂರು ನಾಲ್ಕು ಸಾವಿರ ಹೆಚ್ಚು ಸಂಬಳ ಎಂದು ಹೊರಟವರು ಈ ಸಾಲುಗಳನ್ನು ಸೇರಿಸಿದ ಮೇಲೆ ಇನ್ನೊಮ್ಮೆ ಯೋಚಿಸಬೇಕು. ದಯವಿಟ್ಟು ಇದನ್ನು ಕಡೆಗಣಿಸಬೇಡಿ.

ಮೀಸಲಾತಿ: ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಪಟ್ಟಿ ಪ್ರತಿ ರಾಜ್ಯಕ್ಕೂ ಬೇರೆ. ವಲಸೆ ಹೋದವರಿಗೆ ಹೊಸ ರಾಜ್ಯದ ಉದ್ಯೋಗ, ಸೀಟುಗಳಲ್ಲಿ ಆ ಸೌಲಭ್ಯ ತಾನಾಗಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371-ಜೆ ವಿಧಿಯ ಅಡಿ ಇರುವ ಮೀಸಲಾತಿಯೂ ಕರ್ನಾಟಕದ ಒಳಗಿನದು.

ಹಂತ 6: ಮಕ್ಕಳ ಶಾಲೆ, ಮುಂದಿನ ಸೀಟು

ಶುಲ್ಕ, ಡೊನೇಷನ್, ಸಮವಸ್ತ್ರ, ವ್ಯಾನ್ ಖರ್ಚನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಭಾಷೆಯನ್ನು ಮರೆಯುತ್ತಾರೆ. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ತಮ್ಮ ತಮ್ಮ ಭಾಷೆಯನ್ನು ಶಾಲೆಗಳಲ್ಲಿ ಕಲಿಸುವ ಕಾನೂನು ಮಾಡಿವೆ. ನಮ್ಮಲ್ಲಿ ಕನ್ನಡಕ್ಕೆ 2015ರದ್ದು ಇದೆ. ಆರನೇ ತರಗತಿಯ ಮಗು ಒಂದಕ್ಷರ ಬಾರದ ಭಾಷೆಯ ಪರೀಕ್ಷೆ ಬರೆಯಬೇಕಾಗಬಹುದು. ಹೊರಗಿನಿಂದ ಬಂದ ಮಕ್ಕಳಿಗೆ ವಿನಾಯಿತಿ ಇದೆಯೇ, ಸುಲಭ ಪಠ್ಯ ಇದೆಯೇ ಎಂದು ಸೇರಿಸುವ ಮೊದಲು ಶಾಲೆಯಲ್ಲಿ ಬರಹದಲ್ಲಿ ಕೇಳಿ. ಟ್ಯೂಷನ್ ಖರ್ಚನ್ನು ಹಾಳೆಗೆ ಸೇರಿಸಿ.

ಇದಕ್ಕಿಂತ ದೊಡ್ಡದು ಮುಂದಿನ ಸೀಟಿನ ಪ್ರಶ್ನೆ. ಕರ್ನಾಟಕದಲ್ಲಿ ಸಿಇಟಿ ಮೂಲಕ ಸರ್ಕಾರಿ ಕೋಟಾದ ಎಂಜಿನಿಯರಿಂಗ್, ವೈದ್ಯಕೀಯ ಸೀಟು ಪಡೆಯಲು ಇರುವ ಮುಖ್ಯ ಅರ್ಹತೆ: 1ರಿಂದ 12ನೇ ತರಗತಿವರೆಗೆ ಒಟ್ಟು ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಮತ್ತು 10ನೇ ಅಥವಾ 12ನೇ ತರಗತಿಯನ್ನು ಕರ್ನಾಟಕದಲ್ಲಿ ಪಾಸಾಗಿರಬೇಕು. ತೆಲಂಗಾಣದಲ್ಲಿ ಸ್ಥಳೀಯ ಅಭ್ಯರ್ಥಿ ಎನಿಸಲು 9ರಿಂದ 12ರವರೆಗೆ ಸತತ 4 ವರ್ಷ ಅಲ್ಲೇ ಓದಿರಬೇಕು ಎಂಬ ರೀತಿಯ ನಿಯಮ. ತಮಿಳುನಾಡಿನ ಎಂಜಿನಿಯರಿಂಗ್ ಪ್ರವೇಶದಲ್ಲಿ 8ರಿಂದ 12ರವರೆಗೆ ಅಲ್ಲಿ ಓದಿದವರಿಗೆ ನೇಟಿವಿಟಿ ಪತ್ರ, ಅಂದರೆ ಆ ರಾಜ್ಯದವರೆಂಬ ಪ್ರಮಾಣಪತ್ರ ಬೇಕಿಲ್ಲ.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಗುವನ್ನು 9ನೇ ತರಗತಿ ಮುಗಿದ ಮೇಲೆ ಹೈದರಾಬಾದಿಗೆ ಕರೆದೊಯ್ದರೆ ಅಲ್ಲಿನ 4 ವರ್ಷ ತುಂಬುವುದಿಲ್ಲ, ಇಲ್ಲಿ 10ನೇ ತರಗತಿ ಪಾಸಾಗಿರುವುದಿಲ್ಲ. ಎರಡೂ ಕಡೆ ಹೊರಗಿನವರಾಗಿಬಿಡುತ್ತಾರೆ. ಅದೇ ಒಂದು ವರ್ಷ ತಡೆದು ಎಸ್ಸೆಸ್ಸೆಲ್ಸಿ ಇಲ್ಲೇ ಮುಗಿಸಿ ಹೋದರೆ, 7 ವರ್ಷ ಇಲ್ಲಿ ಓದಿದ್ದ ಪಕ್ಷದಲ್ಲಿ ಇಲ್ಲಿನ ಅರ್ಹತೆ ಉಳಿಯುತ್ತದೆ. 9, 10ನೇ ತರಗತಿಯ ಮಗು ಇರುವ ಮನೆಯವರು ಎರಡು ಸಾವಿರ ಬಾಡಿಗೆ ಉಳಿತಾಯ ನೋಡಿ ಹೊರಡುವುದನ್ನು ನಾನು ಒಪ್ಪುವುದಿಲ್ಲ. ಸಾಧ್ಯವಿದ್ದರೆ ಒಬ್ಬರು ಮೊದಲು ಹೋಗಿ, ಉಳಿದವರು ಪರೀಕ್ಷೆ ಮುಗಿದ ಮೇಲೆ ಹೋಗಲಿ. ಗಡಿಯಾಚೆಯ ನಿಗದಿತ ತಾಲ್ಲೂಕುಗಳ ಕನ್ನಡಿಗರಿಗೆ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ನಿಯಮದಲ್ಲಿ ಬೇರೆ ವಿಭಾಗವಿದೆ; ಕಾಸರಗೋಡು, ಅಕ್ಕಲಕೋಟೆಯ ಕಡೆಯವರು ಅದನ್ನು ಆ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬೆಂಗಳೂರಿನಿಂದ ಹೊಸದಾಗಿ ಹೋದವರಿಗೆ ಅದು ಆಸರೆಯಾಗದು.

ಹಂತ 7: ದಿನದ ಖರ್ಚು

ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯಲ್ಲಿ ಇಲ್ಲ, ರಾಜ್ಯದ ಮಾರಾಟ ತೆರಿಗೆ ಬೀಳುತ್ತದೆ. ತೆಲಂಗಾಣದಲ್ಲಿ ಪೆಟ್ರೋಲ್ ಮೇಲೆ 35.2%, ಕರ್ನಾಟಕದಲ್ಲಿ 2024ರ ಜೂನ್‌ನ ಏರಿಕೆಯ ನಂತರ 29.84%. ಆಂಧ್ರ, ತೆಲಂಗಾಣದಲ್ಲಿ ದುಬಾರಿ, ಗೋವಾದಲ್ಲಿ ಅಗ್ಗ. ಆದರೆ ತಿಂಗಳಿಗೆ 40 ಲೀಟರ್ ಹಾಕಿಸುವವರಿಗೆ ಲೀಟರಿಗೆ 5 ರೂಪಾಯಿ ವ್ಯತ್ಯಾಸ ಎಂದರೆ 200 ರೂಪಾಯಿ. ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂಬುದು ದರಕ್ಕಿಂತ ಮುಖ್ಯ.

ದಿನಸಿ, ತರಕಾರಿ, ಹಾಲಿನ ವ್ಯತ್ಯಾಸ ಬಡಾವಣೆಯಿಂದ ಬಡಾವಣೆಗೆ ಇರುವಷ್ಟೇ. ಮನೆಗೆಲಸದವರ ಸಂಬಳ, ನೀರಿನ ಟ್ಯಾಂಕರ್, ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಈ ಮೂರನ್ನು ಅಲ್ಲಿ ಈಗಾಗಲೇ ಇರುವ ಒಬ್ಬರನ್ನು ಕೇಳಿ ಬರೆದುಕೊಂಡರೆ ಸಾಕು. ಊರಿಗೆ ಬಂದುಹೋಗುವ ಖರ್ಚನ್ನು ಮಾತ್ರ ತಪ್ಪದೆ ಹಾಕಿ. ಯುಗಾದಿ, ದಸರಾ, ಮದುವೆ, ತಿಥಿ ಎಂದು ವರ್ಷಕ್ಕೆ ನಾಲ್ಕೈದು ಬಾರಿ ಇಡೀ ಕುಟುಂಬ ಓಡಾಡುವುದು ಇದ್ದೇ ಇದೆ.

ಹಂತ 8: ಸಾಮಾನು ಸಾಗಣೆ

ಪ್ಯಾಕರ್ಸ್‌ನವರಿಂದ ಮನೆಗೆ ಬಂದು ನೋಡಿ ಕೊಟ್ಟ ಲಿಖಿತ ದರ ಮಾತ್ರ ಒಪ್ಪಿ. ಫೋನಿನಲ್ಲಿ ಹೇಳಿದ ದರ ಲಾರಿ ಗಡಿ ದಾಟಿದ ಮೇಲೆ ಬೆಳೆಯುತ್ತದೆ. ಬಾರ್ಡರ್ ಟ್ಯಾಕ್ಸ್, ಎಂಟ್ರಿ ಟ್ಯಾಕ್ಸ್ ಎಂದು ಕೇಳಿದರೆ ಕೊಡಬೇಡಿ. ರಾಜ್ಯಗಳ ಪ್ರವೇಶ ತೆರಿಗೆ 2017ರಲ್ಲಿ ಜಿಎಸ್‌ಟಿಯಲ್ಲಿ ಸೇರಿಹೋಯಿತು. ಬಳಸಿದ ಗೃಹೋಪಯೋಗಿ ಸಾಮಾನಿಗೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಬೇಕಾಗುವ ಜಿಎಸ್‌ಟಿ ಪತ್ರ ಕೂಡ ಬೇಕಿಲ್ಲ. ಸಾಮಾನಿನ ಪಟ್ಟಿಗೆ ಸಹಿ ಹಾಕಿಸಿ, ಟಿವಿ, ಫ್ರಿಜ್, ಬೀರುವಿನ ಫೋಟೊ ತೆಗೆದಿಡಿ.

ಕಂಪನಿಯೇ ವರ್ಗ ಮಾಡಿದ್ದರೆ ಸಾಗಣೆ, ಪ್ರಯಾಣದ ಅಸಲು ಖರ್ಚಿಗೆ ಕೊಡುವ ಭತ್ಯೆಗೆ ತೆರಿಗೆ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲೂ. ಬಿಲ್ ಇಲ್ಲದಿದ್ದರೆ ಅದೂ ಸಂಬಳಕ್ಕೆ ಸೇರಿ ತೆರಿಗೆ ಬೀಳುತ್ತದೆ. ಗ್ಯಾಸ್ ಸಂಪರ್ಕಕ್ಕೆ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಟ್ರಾನ್ಸ್‌ಫರ್ ವೋಚರ್ ಪಡೆಯಿರಿ. ತುಂಬಿದ ಸಿಲಿಂಡರನ್ನು ಲಾರಿಗೆ ಹಾಕಬೇಡಿ.

ಹಂತ 9: ಹಾಳೆ ಕೂಡಿಸುವುದು

ವಿಧಾನ ತೋರಿಸಲು ಒಂದು ಕಲ್ಪಿತ ಲೆಕ್ಕ ಕೊಡುತ್ತೇನೆ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ನಾಲ್ಕು ಜನರ ಕುಟುಂಬ, ಅಲ್ಲಿ ಮೂರು ವರ್ಷ ಇರುವ ಯೋಚನೆ. ಒಮ್ಮೆ ಮಾತ್ರ ಬರುವ ಖರ್ಚನ್ನು 36 ತಿಂಗಳಿಗೆ ಹಂಚಬೇಕು, ಇದು ಮುಖ್ಯ.

ಬಾಡಿಗೆ 25,000ದಿಂದ 22,000ಕ್ಕೆ: 3,000 ಉಳಿತಾಯ.
ಅಡ್ವಾನ್ಸ್ ಹತ್ತು ತಿಂಗಳಿನಿಂದ ಎರಡು ತಿಂಗಳಿಗೆ, ಬಡ್ಡಿ ಲೆಕ್ಕದಲ್ಲಿ: 1,030 ಉಳಿತಾಯ.
ಗೃಹಜ್ಯೋತಿ ಇಲ್ಲದ ಕರೆಂಟ್: 1,100 ಹೆಚ್ಚು.
ಶಾಲೆಗೆ ಸೇರಿಸುವ ಖರ್ಚು 60,000, ಹಂಚಿದರೆ: 1,667 ಹೆಚ್ಚು.
ತಿಂಗಳ ಶುಲ್ಕ, ತೆಲುಗು ಟ್ಯೂಷನ್: 1,500 ಹೆಚ್ಚು.
ಕಾರಿನ ತೆರಿಗೆ, ವಾಪಸಾತಿ ಕಳೆದು, ಪ್ಲೇಟ್ ಸೇರಿ 30,000: 833 ಹೆಚ್ಚು.
ಸಾಗಣೆ 45,000: 1,250 ಹೆಚ್ಚು.
ಊರಿನ ಓಡಾಟ: 1,000 ಹೆಚ್ಚು.

ಉಳಿತಾಯ 4,030, ಹೆಚ್ಚಿದ್ದು 7,350. ಬಾಡಿಗೆ ಮೂರು ಸಾವಿರ ಕಡಿಮೆಯಾದರೂ ತಿಂಗಳಿಗೆ 3,320 ರೂಪಾಯಿ ಹೆಚ್ಚೇ ಹೋಗುತ್ತದೆ. ಇದನ್ನು ತುಂಬಿಸಲು ಸಂಬಳ ಎಷ್ಟು ಹೆಚ್ಚಬೇಕು? ನೀವು 20% ಸ್ತರದಲ್ಲಿದ್ದರೆ ಸೆಸ್ ಸೇರಿ 20.8% ತೆರಿಗೆಗೆ ಹೋಗುತ್ತದೆ. 3,320ನ್ನು 0.792ರಿಂದ ಭಾಗಿಸಿ: ಸುಮಾರು 4,200. ಅದಕ್ಕಿಂತ ಹೆಚ್ಚು ಸಿಕ್ಕಿದರೆ ಮಾತ್ರ ಹಣದ ದೃಷ್ಟಿಯಿಂದ ಲಾಭ. ಆಫರ್ ಪತ್ರದ ಸಿಟಿಸಿಯನ್ನು, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ವೆಚ್ಚವನ್ನು, ಇಲ್ಲಿ ಹಿಡಿಯಬೇಡಿ. ಬೋನಸ್, ಗ್ರಾಚ್ಯುಟಿ, ಕಂಪನಿಯ ಪಿಎಫ್ ಪಾಲು ಕಳೆದು ತಿಂಗಳಿಗೆ ಕೈಗೆ ಬರುವುದನ್ನು ಹಿಡಿಯಿರಿ. ಒಂದೇ ವರ್ಷಕ್ಕೆ ವಾಪಸ್ ಬರುವ ಸಾಧ್ಯತೆ ಇದ್ದರೆ 36ರ ಬದಲು 12ರಿಂದ ಹಂಚಿ ನೋಡಿ, ಚಿತ್ರ ಪೂರ್ತಿ ಬೇರೆಯಾಗುತ್ತದೆ.

ಗಡಿಯ ಒಂದು ಕಡೆ ಮನೆ, ಇನ್ನೊಂದು ಕಡೆ ಕೆಲಸ ಇರುವವರಿಗೆ

ಹೊಸೂರಿನಲ್ಲಿದ್ದು ಬೆಂಗಳೂರಿನಲ್ಲಿ ದುಡಿಯುವವರ ವೃತ್ತಿ ತೆರಿಗೆ ಕೆಲಸದ ಜಾಗಕ್ಕೆ ತಕ್ಕಂತೆ ಕರ್ನಾಟಕದ್ದೇ ಆಗಿರುತ್ತದೆ. ವಾಹನ ಮಾತ್ರ ರಾತ್ರಿ ನಿಲ್ಲುವುದು ತಮಿಳುನಾಡಿನಲ್ಲಿ, ಆದ್ದರಿಂದ 47ನೇ ಸೆಕ್ಷನ್ ನಿಮಗೂ ಅನ್ವಯ. ಅತ್ತಿಬೆಲೆಯ ಟೋಲ್, ದಿನದ ಎರಡು ಮೂರು ಗಂಟೆ ಪ್ರಯಾಣವನ್ನು ಬಾಡಿಗೆಯ ಉಳಿತಾಯದಿಂದ ಕಳೆಯಿರಿ. ಬೊಮ್ಮಸಂದ್ರದವರೆಗೆ 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಬಂದ ಮೇಲೆ, ಅಲ್ಲಿಯವರೆಗೆ ಬಸ್ಸಿನಲ್ಲಿ ಬಂದು ಮುಂದೆ ಮೆಟ್ರೊ ಹಿಡಿಯುವ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬಹುದು.

ಅಲ್ಲೇ ಮನೆ ಕೊಳ್ಳುವ ಆಲೋಚನೆ ಇದ್ದರೆ

ಮುದ್ರಾಂಕ ಮತ್ತು ನೋಂದಣಿ ಶುಲ್ಕದ ಅಂತರ ದೊಡ್ಡದು. ಕರ್ನಾಟಕದಲ್ಲಿ 45 ಲಕ್ಷ ಮೀರಿದರೆ ಮುದ್ರಾಂಕ 5%, ಅದರ ಮೇಲೆ ಸೆಸ್, ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2%. ತಮಿಳುನಾಡಿನಲ್ಲಿ 7 ಮತ್ತು 2%, ಕೇರಳದಲ್ಲಿ 8 ಮತ್ತು 2%, ತೆಲಂಗಾಣ ಹಾಗೂ ಆಂಧ್ರದಲ್ಲಿ ಒಟ್ಟು ಸುಮಾರು 7.5%. ಮಹಾರಾಷ್ಟ್ರದಲ್ಲಿ ನೋಂದಣಿ ಶುಲ್ಕ 1%, ಆದರೆ 30,000 ರೂಪಾಯಿಗೆ ಮಿತಿ. ಮುದ್ರಾಂಕದಲ್ಲಿ ಮಹಿಳೆಯರಿಗೆ 1% ರಿಯಾಯಿತಿ. 60 ಲಕ್ಷದ ಮನೆಗೆ 10% ಎಂದರೆ 6 ಲಕ್ಷ, 7.5% ಎಂದರೆ 4.5 ಲಕ್ಷ. ಈ ಹಣಕ್ಕೆ ಬ್ಯಾಂಕ್ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ, ಕೈಯಿಂದಲೇ ಹಾಕಬೇಕು. ಕನಿಷ್ಠ ಒಂದು ವರ್ಷ ಬಾಡಿಗೆಯಲ್ಲಿದ್ದು, ಆ ಊರು ಕುಟುಂಬಕ್ಕೆ ಹೊಂದುತ್ತದೆ ಎಂದು ಖಾತ್ರಿಯಾದ ಮೇಲೆಯೇ ಅಲ್ಲಿ ಟೋಕನ್ ಹಣ ಕೊಡಿ.